ಲೇಸರ್ ಬೆಳಕಿಗೆ ರಾಷ್ಟ್ರೀಯ ಯೋಜನೆ ಬಂದರೆ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು? ಮಲೆನಾಡಿನವರು ಹೇಳಿ

ಫಿಸಿಕ್ಸ್ ಮೇಷ್ಟ್ರು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಕೇಂದ್ರ ಸರ್ಕಾರ ಚಿಪ್ ತಯಾರಿಕೆಗೆ 2021ರಲ್ಲಿ 76,000 ಕೋಟಿ ರೂಪಾಯಿ ತೆಗೆದಿಟ್ಟಿತು. ಕ್ವಾಂಟಂ ಮಿಷನ್ನಿಗೆ 2023ರ ಏಪ್ರಿಲ್‌ನಲ್ಲಿ 6,000 ಕೋಟಿಗಿಂತ ಸ್ವಲ್ಪ ಜಾಸ್ತಿ ಒಪ್ಪಿತು. ಎರಡೂ ಒಳ್ಳೆಯದೇ. ಆದರೆ ಎರಡರ ಹೊಟ್ಟೆಯೊಳಗೂ ಇರುವುದು ಲೇಸರ್. 28 ನ್ಯಾನೋಮೀಟರ್ ಚಿಪ್ಪಿನ ನಕ್ಷೆ ಅಚ್ಚಾಗುವುದು 193 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್ ಬೆಳಕಿನಲ್ಲಿ. ಕ್ವಾಂಟಂ ಪ್ರಯೋಗದಲ್ಲಿ ಪರಮಾಣುವನ್ನು ತಣಿಸಿ ಹಿಡಿದು ನಿಲ್ಲಿಸುವುದೂ ಲೇಸರೇ. ಅಷ್ಟು ದೊಡ್ಡ ಮಿಷನ್ ಲೇಸರಿಗೇ ಅಂತ ಬಂದಿಲ್ಲ. ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಂದರೆ ಏನು ಮಾಡಬೇಕು ಅನ್ನುವುದನ್ನು ನಾವೂ ಮಾತಾಡೋಣ. ದೆಹಲಿಯವರು, ಬೆಂಗಳೂರಿನವರು ಮಾತ್ರ ಮಾತಾಡಬೇಕಾದ ವಿಷಯ ಇದಲ್ಲ.

ಕುಮಾರ್ ಪಟೇಲ್ ಅವರ ವಿಷಯ ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಮಕ್ಕಳು ಕಣ್ಣರಳಿಸುತ್ತಾರೆ. ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಇವತ್ತು ಜಗತ್ತಿನ ಅತಿ ಸಣ್ಣ ಗೆರೆಯ ಚಿಪ್‌ಗಳು ಆಗುವುದು ಅದೇ ಜಾತಿಯ ಲೇಸರಿನಿಂದ. ಸೆಕೆಂಡಿಗೆ 50,000 ತವರದ ಹನಿಗಳು ಬೀಳುತ್ತವೆ. ಒಂದೊಂದು ಹನಿಗೂ ಲೇಸರ್ ಹೊಡೆಯುತ್ತದೆ. ಹನಿ ಪ್ಲಾಸ್ಮಾ, ಅಂದರೆ ಕೊತಕೊತ ಕಾದ ವಿದ್ಯುತ್ ಕಣಗಳ ಅನಿಲ ಆಗಿ 13.5 ನ್ಯಾನೋಮೀಟರಿನ ಬೆಳಕು ಚಿಮ್ಮುತ್ತದೆ. ಆ ಲೇಸರ್ ಮಾಡುವುದು ಜರ್ಮನಿಯ ಟ್ರುಂಪ್ಫ್, ಚಿಪ್ ಅಚ್ಚು ಹಾಕುವ ಯಂತ್ರ ಮಾರುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಬುದ್ಧಿ ನಮ್ಮ ನೆಲದ್ದು, ಕಾರ್ಖಾನೆ ಇನ್ನೆಲ್ಲೋ.

ಅಮೆರಿಕಕ್ಕೂ ಇದೇ ಆಯಿತು. 1985ರಲ್ಲಿ ರೋಚೆಸ್ಟರ್‌ನಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರೂ ಎಂಬ ಇಬ್ಬರು ಅತಿ ಶಕ್ತಿಯ ಲೇಸರ್ ಮಿಡಿತ (ಪಲ್ಸ್) ಮಾಡುವ ಉಪಾಯ ಕಂಡುಕೊಂಡರು. 2018ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಅದಕ್ಕೇ ಬಂತು. ಮೊದಲ ಪೆಟಾವ್ಯಾಟ್ (ಸಾವಿರ ಲಕ್ಷ ಕೋಟಿ ವ್ಯಾಟ್) ಲೇಸರ್ 1996ರಲ್ಲಿ ಲಿವರ್‌ಮೋರ್‌ನಲ್ಲಿ ಉರಿಯಿತು. ಆಮೇಲೆ ಅವರು ನಿಧಾನ ಮಾಡಿದರು. ಯುರೋಪಿನವರು ಜೆಕ್, ಹಂಗೇರಿ, ರೊಮೇನಿಯಾ ಮೂರೂ ಕಡೆ ದೊಡ್ಡ ಲೇಸರ್ ಕೇಂದ್ರ ಕಟ್ಟಿದರು. ರೊಮೇನಿಯಾದ ಲೇಸರ್ 2019ರಲ್ಲಿ 10 ಪೆಟಾವ್ಯಾಟ್ ಮುಟ್ಟಿತು. ನಾವು ಹಿಂದೆ ಬಿದ್ದೆವು ಅಂತ ಅಮೆರಿಕದ ವಿಜ್ಞಾನ ಅಕಾಡೆಮಿಗಳೇ ಸರ್ಕಾರಕ್ಕೆ ಎಚ್ಚರಿಕೆ ಕೊಡಬೇಕಾಯಿತು.

ನನ್ನ ಮಾತು ಇಷ್ಟು. ಮೊದಲು ಬಿಡಿಭಾಗ ಮತ್ತು ಅದನ್ನು ಮಾಡಬಲ್ಲ ಕೈ. ಲೇಸರಿಗೆ ಬೆಳಕು ತುಂಬುವ ಪಂಪ್ ಡಯೋಡ್, ಹರಳು, ವಿಶೇಷ ಫೈಬರ್, ಲೇಪನ ಕೊಟ್ಟ ಕನ್ನಡಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸಣ್ಣ ಗೆರೆಗಳ ಗ್ರೇಟಿಂಗ್. ಇವು ನಮ್ಮಲ್ಲಿ ಆಗದಿದ್ದರೆ ಎಷ್ಟು ದೊಡ್ಡ ಲೇಸರ್ ಕಟ್ಟಿದರೂ ಅದು ಜೋಡಿಸಿದ ಯಂತ್ರ ಅಷ್ಟೇ. ನಿಮಗೆ ಏನನ್ನಿಸುತ್ತದೆ?

ಮಾಚೇನಹಳ್ಳಿ ವರ್ಕ್‌ಶಾಪ್

ಮೇಷ್ಟ್ರೇ, ನೀವು ಹೇಳಿದ ಬಿಡಿಭಾಗದ ಕಷ್ಟ ನಾವು ಅನುಭವಿಸಿದವರು. ನಮ್ಮಲ್ಲಿ ಶೀಟ್ ಕತ್ತರಿಸುವ ಫೈಬರ್ ಲೇಸರ್ ಮೆಷಿನ್ ಇದೆ. ಬೆಡ್ಡು, ಫ್ರೇಮು ನಮ್ಮ ದೇಶದಲ್ಲೇ ಆಗಿದ್ದು. ಲೇಸರ್ ಹುಟ್ಟಿಸುವ ಡಬ್ಬಿ, ಅಂದರೆ ಸೋರ್ಸ್, ಮತ್ತು ಕಟಿಂಗ್ ಹೆಡ್ ಹೊರಗಿನದು. ಒಂದು ಮಳೆಗಾಲದಲ್ಲಿ ಸೋರ್ಸ್ ನಿಂತಿತು. ಇಲ್ಲಿ ಬಿಚ್ಚಿ ನೋಡುವವರು ಯಾರೂ ಇಲ್ಲ. ಬಿಚ್ಚಿದರೆ ವಾರಂಟಿ ಹೋಗುತ್ತದೆ. ಡಬ್ಬಿ ಪ್ಯಾಕ್ ಮಾಡಿ ಕಳಿಸಿದೆವು. ವಾರಗಟ್ಟಲೆ ಮೆಷಿನ್ ಖಾಲಿ ನಿಂತಿತ್ತು. ಆರ್ಡರ್ ಬೇರೆಯವರಿಗೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಆ ಡಬ್ಬಿಯಲ್ಲಿ ಏನಿದೆ ಅಂತ ಆಮೇಲೆ ಕೂತು ಓದಿದೆ. ಯಿಟರ್ಬಿಯಂ ಬೆರೆಸಿದ ಗಾಜಿನ ಎಳೆ, ಅದಕ್ಕೆ ಬೆಳಕು ತುಂಬುವ ಡಯೋಡುಗಳು, ಎರಡು ತುದಿಗೆ ಬೆಳಕನ್ನು ಹಿಂದಿರುಗಿಸುವ ಗ್ರೇಟಿಂಗ್. ಹಳೇ ಕಾರ್ಬನ್ ಡೈಆಕ್ಸೈಡ್ ಮೆಷಿನ್ನಿಗಿಂತ ಕರೆಂಟು ಬಹಳ ಕಡಿಮೆ. ಈ ಫೈಬರ್ ಲೇಸರನ್ನು ಮಾರುಕಟ್ಟೆಗೆ ತಂದವರಲ್ಲಿ ಮೊದಲಿಗರು ರಷ್ಯಾದ ಭೌತವಿಜ್ಞಾನಿ ವ್ಯಾಲೆಂಟಿನ್ ಗಾಪೊಂಟ್ಸೆವ್. ಅವರ ಐಪಿಜಿ ಕಂಪನಿ ಎಷ್ಟೋ ವರ್ಷ ರಾಜನ ಹಾಗೆ ಇತ್ತು. ಚೀನಾದವರು 2007ರಲ್ಲಿ ವುಹಾನ್‌ನಲ್ಲಿ ರೇಕಸ್ ಅನ್ನುವ ಫೈಬರ್ ಲೇಸರ್ ಕಂಪನಿ ಶುರು ಮಾಡಿದರು. ಊರಲ್ಲೇ ಆಪ್ಟಿಕ್ಸ್ ಕಲಿಸುವ ದೊಡ್ಡ ವಿಶ್ವವಿದ್ಯಾಲಯ, ಸುತ್ತ ಬಿಡಿಭಾಗ ಮಾಡುವ ಕಂಪನಿಗಳು, ದೇಶದ ತುಂಬಾ ಕೊಳ್ಳುವ ವರ್ಕ್‌ಶಾಪ್‌ಗಳು. ಬೆಲೆ ಇಳಿದಿದ್ದಕ್ಕೇ ನಮ್ಮಂಥ ಸಣ್ಣವರೂ ಮೆಷಿನ್ ತೆಗೆದುಕೊಳ್ಳುವ ಹಾಗಾಯಿತು. ಅದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮ ದೇಶದಲ್ಲೂ ಕೊಳ್ಳುವವರು ಕಡಿಮೆ ಇಲ್ಲ. ಪೀಣ್ಯ, ರಾಜ್‌ಕೋಟ್, ಕೊಯಮತ್ತೂರು ನೋಡಿ. ಡಯೋಡ್ ಮಾಡುವ ಕಾರ್ಖಾನೆ ಒಂದು ಬರಲಿ. ರಿಪೇರಿ ಮಾಡುವವರು ಜಿಲ್ಲೆಗೆ ನಾಲ್ಕು ಜನ ಇರಲಿ. ಮಿಕ್ಕಿದ್ದು ತಾನಾಗಿ ಬರುತ್ತದೆ.

ಗೋಪಾಳದ ಗೆಳೆಯ

ದೊಡ್ಡ ಕೇಂದ್ರವನ್ನು ಶಿವಮೊಗ್ಗಕ್ಕೇ ತರೋಣ! ವಿಮಾನ ನಿಲ್ದಾಣ ಬಂದಿದೆ, ಪಕ್ಕದಲ್ಲೇ ಶರಾವತಿ ಕರೆಂಟು, ತುಂಗೆ ನೀರು. ಇನ್ನೇನು ಬೇಕು?

ಹೊಸನಗರದವಳು, ಈಗ ಇಂದೋರ್

ಮೇಷ್ಟ್ರ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ನನ್ನ ಪಿಎಚ್‌ಡಿ ಕೆಲಸ ನಡೆಯುವುದೇ ಇಂಡಸ್-2 ಅನ್ನುವ ಸಿಂಕ್ರೊಟ್ರಾನ್ ಯಂತ್ರದ ಬೀಮ್‌ಲೈನ್ (ಕಿರಣವನ್ನು ಪ್ರಯೋಗದ ಜಾಗಕ್ಕೆ ತರುವ ದಾರಿ) ಮೇಲೆ. ಇಂದೋರಿನ ರಾಜಾ ರಾಮಣ್ಣ ಕೇಂದ್ರ, ಆರ್‌ಆರ್‌ಕ್ಯಾಟ್. ರಾಮಣ್ಣನವರು ನಮ್ಮ ತುಮಕೂರು ಕಡೆಯವರು ಅಂತ ಇಲ್ಲಿ ಎಲ್ಲರಿಗೂ ಹೇಳುತ್ತಿರುತ್ತೇನೆ.

ಸಿಂಕ್ರೊಟ್ರಾನ್ ಅಂದರೆ ಲೇಸರ್ ಅಲ್ಲ. ಆದರೆ ಬೆಳಕಿನ ಯೋಜನೆ ಅಂದಾಗ ಎರಡನ್ನೂ ಬಿಡಿಸಿ ನೋಡಬಾರದು. ಎಲೆಕ್ಟ್ರಾನುಗಳನ್ನು ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ ಓಡಿಸಿ, ಆಯಸ್ಕಾಂತದಿಂದ ಬಾಗಿಸಿದರೆ ಅವು ಎಕ್ಸ್-ರೇ ಚೆಲ್ಲುತ್ತವೆ. ಇಂಡಸ್-1 1999ರಲ್ಲಿ ಬಂತು, ಎಲೆಕ್ಟ್ರಾನಿನ ಶಕ್ತಿ 450 ಎಂಇವಿ (ಸಾವಿರ ಎಂಇವಿ ಸೇರಿದರೆ ಒಂದು ಜಿಇವಿ). ಇಂಡಸ್-2 2005ರಲ್ಲಿ, 2.5 ಜಿಇವಿ, ಸುತ್ತಳತೆ 172.5 ಮೀಟರ್. ಅದೇ ಎಲೆಕ್ಟ್ರಾನನ್ನು ನೇರ ದಾರಿಯಲ್ಲಿ ಅಲುಗಿಸಿ ಲೇಸರಿನಂಥ ಎಕ್ಸ್-ರೇ ಪಡೆಯುವ ಯಂತ್ರಗಳೂ ಇವೆ. ಅಮೆರಿಕದಲ್ಲಿ 2009ರಿಂದ ಇದೆ, ಜಪಾನ್, ಕೊರಿಯಾದಲ್ಲಿ ಇದೆ. ಹ್ಯಾಂಬರ್ಗ್‌ನದು 3.4 ಕಿಲೋಮೀಟರ್ ಉದ್ದ, 2017ರಲ್ಲಿ ಶುರುವಾಯಿತು.

ದೊಡ್ಡ ಯಂತ್ರ ಕಟ್ಟುವಾಗಲೇ ಕೈ ಪಳಗುವುದು. ಇಂಡಸ್ ಕಟ್ಟುವಾಗ ನಿರ್ವಾತ ಕೊಳವೆ, ಆಯಸ್ಕಾಂತ, ಆರ್‌ಎಫ್ (ರೇಡಿಯೋ ತರಂಗದ ಉಪಕರಣ), ಪವರ್ ಸಪ್ಲೈ ಎಲ್ಲದರಲ್ಲೂ ನಮ್ಮವರು ಕೆಲಸ ಕಲಿತರು. ಅದೇ ಕೇಂದ್ರದವರು ಮಾಡಿದ ಲೇಸರ್ ಇವತ್ತು ನಮ್ಮ ಅಣು ವಿದ್ಯುತ್ ಸ್ಥಾವರಗಳಲ್ಲಿ ಇಂಧನ ಇರುವ, ಅದನ್ನು ತಣಿಸುವ ದ್ರವ ಹರಿಯುವ ಕೊಳವೆ (ಕೂಲಂಟ್ ಚಾನೆಲ್) ಬದಲಿಸುವಾಗ ಕತ್ತರಿಸುವ ಕೆಲಸಕ್ಕೆ ಬರುತ್ತಿದೆ. ಮನುಷ್ಯ ಜಾಸ್ತಿ ಹೊತ್ತು ನಿಲ್ಲಲಾಗದ ಜಾಗ ಅದು. ಮೊದಲು ಬಿಡಿಭಾಗ, ಆಮೇಲೆ ಯಂತ್ರ ಅಂತ ಕಾದು ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನೊಂದು ಕಷ್ಟ ಹೇಳುತ್ತೇನೆ. ನಮಗೆ ಇನ್ನೂ ಪ್ರಖರವಾದ ಕಿರಣ ಬೇಕಾದರೆ ಹೊರಗೆ ಹೋಗಬೇಕು. ಹ್ಯಾಂಬರ್ಗ್‌ನ ಪೆಟ್ರಾ-3, ಇಟಲಿಯ ಎಲೆಟ್ರಾ, ಜಪಾನಿನ ಫೋಟಾನ್ ಫ್ಯಾಕ್ಟರಿ, ಮೂರೂ ಕಡೆ ಭಾರತ ಪಾಲುದಾರಿಕೆ ಮಾಡಿಕೊಂಡಿತು. ಅದು ಒಳ್ಳೆಯ ಕೆಲಸ. ಆದರೆ ಬೀಮ್‌ಟೈಮ್, ಅಂದರೆ ಕಿರಣ ಬಳಸುವ ಸರದಿ, ಸಿಗುವುದು ಕೆಲವೇ ದಿನ. ವೀಸಾ, ಸ್ಯಾಂಪಲ್ ಸಾಗಿಸುವುದು, ರಾತ್ರಿ ಪಾಳಿ. ಪ್ರಯೋಗ ಕೈಕೊಟ್ಟರೆ ಮತ್ತೆ ಅರ್ಜಿ ಹಾಕಿ ಕಾಯಬೇಕು. ಜಪಾನಿನವರು 2024ರಲ್ಲಿ ಸೆಂಡೈ ಊರಿನಲ್ಲಿ ನ್ಯಾನೋಟೆರಾಸು ಅನ್ನುವ ಸಿಂಕ್ರೊಟ್ರಾನ್ ಶುರು ಮಾಡಿದರು, 3 ಜಿಇವಿ. ಕಂಪನಿಗಳೂ ದುಡ್ಡು ಹಾಕಿ ಬಳಸುವ ಹಾಗೆ ಅದನ್ನು ರೂಪಿಸಿದ್ದಾರೆ. ನಮಗೂ 6 ಜಿಇವಿಯ ಹೊಸ ಸಿಂಕ್ರೊಟ್ರಾನ್ ಬೇಕು ಅನ್ನುವ ಮಾತು ವಿಜ್ಞಾನಿಗಳ ನಡುವೆ ವರ್ಷಗಳಿಂದ ಇದೆ. ಅದು ಕಾಗದದಿಂದ ಹೊರಗೆ ಬರಬೇಕು.

ಅಡಿಕೆ ತೋಟ, ತೀರ್ಥಹಳ್ಳಿ

ಆ 1985ರ ಉಪಾಯ ಏನು ಅಂತ ಯಾರಾದರೂ ಸರಳವಾಗಿ ಹೇಳಿ. ಮಗಳು ಕೇಳುತ್ತಿದ್ದಾಳೆ.

ಹೊಸನಗರದವಳು, ಈಗ ಇಂದೋರ್

ತೋಟದ ಬಸಿಗಾಲುವೆ ನೆನೆಸಿಕೊಳ್ಳಿ. ಗುಡ್ಡದ ನೀರೆಲ್ಲ ಒಂದೇ ಸಲಕ್ಕೆ ನುಗ್ಗಿದರೆ ಕಾಲುವೆ ಒಡೆಯುತ್ತದೆ. ಲೇಸರ್ ಮಿಡಿತವೂ ಹಾಗೇ. ಚಿಕ್ಕ ಮಿಡಿತಕ್ಕೆ ನೇರವಾಗಿ ಶಕ್ತಿ ತುಂಬಿದರೆ ಹರಳೇ ಸುಟ್ಟುಹೋಗುತ್ತದೆ. ಅದಕ್ಕೆ ಮೊದಲು ಮಿಡಿತವನ್ನು ಸಾವಿರಾರು ಪಟ್ಟು ಎಳೆದು ಉದ್ದ ಮಾಡುತ್ತಾರೆ. ಆಗ ಅದರ ಜೋರು ಇಳಿಯುತ್ತದೆ. ಆಮೇಲೆ ಹರಳಿನಲ್ಲಿ ಹಾಯಿಸಿ ಶಕ್ತಿ ತುಂಬುತ್ತಾರೆ. ಕೊನೆಗೆ ಗ್ರೇಟಿಂಗ್‌ಗಳ ಮೇಲೆ ಹಾಯಿಸಿ ಮತ್ತೆ ಚಿಕ್ಕದು ಮಾಡುತ್ತಾರೆ. ತುಂಬಿದ ಶಕ್ತಿಯೆಲ್ಲ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ ಹೊರಬರುತ್ತದೆ. ಪೆಟಾವ್ಯಾಟ್ ಅನ್ನುವುದು ಆ ಕ್ಷಣದ ಲೆಕ್ಕ. ಈ ಕೆಲಸ ಶುರು ಮಾಡಿದಾಗ ಸ್ಟ್ರಿಕ್‌ಲ್ಯಾಂಡ್ ಇನ್ನೂ ಪಿಎಚ್‌ಡಿ ವಿದ್ಯಾರ್ಥಿನಿ ಅಂತ ನಿಮ್ಮ ಮಗಳಿಗೆ ಹೇಳಿ.

ಸೊರಬದ ವೈದ್ಯೆ

ನಾನು ಆಸ್ಪತ್ರೆ ಕಡೆಯಿಂದ ಒಂದು ಮಾತು ಹೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕದಲ್ಲಿ ನಮ್ಮ ಕಾಡಿನ ಹೆಸರು ಹೀಗೆ ಸೇರಿತು. ಇಷ್ಟು ದಶಕ ಆದರೂ ಈ ವೈರಸ್ಸಿಗೇ ಅಂತ ಒಂದು ಔಷಧಿ ಇಲ್ಲ. ಹಳೇ ಲಸಿಕೆಯ ಪರಿಣಾಮ ಕಡಿಮೆ ಅಂತ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ. ಬೇಸಿಗೆ ಬಂದರೆ ಕಾಡಿಗೆ ಹೋಗುವವರ ಕೈಕಾಲಿಗೆ ಉಣುಗು ಹತ್ತದ ಹಾಗೆ ಎಣ್ಣೆ ಹಚ್ಚಿಸುವುದೇ ನಮ್ಮ ದೊಡ್ಡ ಅಸ್ತ್ರ. ಜ್ವರ ಬಂದವರನ್ನು ಮಲಗಿಸಿಕೊಂಡು ಕಾಯುವಾಗ ಆಗುವ ಸಂಕಟ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಈಗ ಬೆಳಕಿನ ಯಂತ್ರಕ್ಕೂ ಇದಕ್ಕೂ ಏನು ಸಂಬಂಧ ಅನ್ನುತ್ತೀರಾ? ಕೊರೋನಾ ಬಂದಾಗ ಅದರ ಮುಖ್ಯ ಪ್ರೋಟಿಯೇಸ್ (ಪ್ರೋಟೀನು ಕತ್ತರಿಸುವ) ಕಿಣ್ವದ ರಚನೆಯನ್ನು ಶಾಂಘೈ ಸಿಂಕ್ರೊಟ್ರಾನಿನಲ್ಲಿ ನೋಡಿದರು. 2020ರ ಫೆಬ್ರವರಿ ಹೊತ್ತಿಗೇ ಆ ವಿವರ ಜಗತ್ತಿಗೆಲ್ಲ ಸಿಕ್ಕಿತ್ತು. ಆಮೇಲೆ ಬಂದ ಪ್ಯಾಕ್ಸ್‌ಲೋವಿಡ್ ಮಾತ್ರೆ ಹಿಡಿದು ನಿಲ್ಲಿಸುವುದು ಅದೇ ಕಿಣ್ವವನ್ನು. ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಅವರ, ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ರೈಬೋಸೋಮ್ ಮೇಲಿನ ಕೆಲಸವೂ ಸಿಂಕ್ರೊಟ್ರಾನ್ ಎಕ್ಸ್-ರೇ ಇಲ್ಲದೆ ಆಗುತ್ತಿರಲಿಲ್ಲ. ಮಂಗನ ಕಾಯಿಲೆ ಶ್ರೀಮಂತ ದೇಶಗಳ ಕಾಯಿಲೆ ಅಲ್ಲ. ಅದರ ಪ್ರೋಟೀನುಗಳಿಗಾಗಿ ಹ್ಯಾಂಬರ್ಗ್‌ನವರು ಬೀಮ್‌ಟೈಮ್ ಮೀಸಲಿಡಲಿ ಅಂತ ನಾವು ಕೇಳುವ ಹಾಗಿಲ್ಲ. ನಮ್ಮ ಯಂತ್ರ ಇದ್ದರೆ ಕೇಳಬಹುದು. ಯೋಜನೆಯಲ್ಲಿ ಇದನ್ನು ಬರೆದೇ ಇಡಬೇಕು: ನಮ್ಮ ನೆಲದ ಕಾಯಿಲೆಗಳಿಗೆ ವರ್ಷಕ್ಕೆ ಇಷ್ಟು ಪಾಳಿ ಮೀಸಲು ಅಂತ.

ತುಮರಿ ಹಿನ್ನೀರು

ಗೋಪಾಳದ ಗೆಳೆಯರೇ, ನಿಮ್ಮ ಊರಿನ ಪ್ರೀತಿ ಅರ್ಥವಾಗುತ್ತದೆ. ಆದರೆ ದೊಡ್ಡ ಯೋಜನೆ ಅಂದ ತಕ್ಷಣ ನಮ್ಮ ಕಡೆಯವರ ಎದೆ ಹೊಡೆದುಕೊಳ್ಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. ರಾಜ್ಯಕ್ಕೆ 1,035 ಮೆಗಾವ್ಯಾಟ್ ಕೊಡುವ ಶರಾವತಿ ಅದರ ಮೇಲೆ ನಿಂತಿದೆ. ನಮ್ಮ ಅಜ್ಜಂದಿರು ಗದ್ದೆ, ತೋಟ, ದೇವರ ಬನ ಬಿಟ್ಟು ಎದ್ದರು. ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇವತ್ತಿಗೂ ಕಚೇರಿ ಸುತ್ತುತ್ತಿದ್ದಾರೆ. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆಗಿದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೂ ಬಸುರಿಯರನ್ನೂ ಲಾಂಚಿನಲ್ಲೇ ದಾಟಿಸಬೇಕಿತ್ತು.

ನಾನು ವಿಜ್ಞಾನದ ವಿರೋಧಿ ಅಲ್ಲ. ಕೇಳುವುದು ಇಷ್ಟೇ. ಸಿಂಕ್ರೊಟ್ರಾನಿಗೆ ಅಲುಗದ ನೆಲ ಬೇಕು, ತಡೆಯಿಲ್ಲದ ಕರೆಂಟು ಬೇಕು, ದೊಡ್ಡ ಜಾಗ ಬೇಕು. ಘಟ್ಟದ ತಪ್ಪಲಿನಲ್ಲಿ ಅಷ್ಟು ಸಮತಟ್ಟು ಜಾಗ ಬೇಕೆಂದರೆ ಕಾಡೋ ಗದ್ದೆಯೋ ಹೋಗಬೇಕು. ಬಯಲುಸೀಮೆಯ ಗಟ್ಟಿ ಬಂಡೆ ನೆಲ ಅದಕ್ಕೆ ಹೆಚ್ಚು ಹೊಂದುತ್ತದೆ. ನಮಗೆ ಬೇಕಾಗಿರುವ ಲೇಸರ್ ಬೇರೆ. ಗುಡ್ಡ ಜರಿಯುವ ಜಾಗ ಗುರುತಿಸಲು ವಿಮಾನದಿಂದ ಲೈಡಾರ್ (ಲೇಸರ್ ಮಿಡಿತದಿಂದ ದೂರ ಅಳೆಯುವ ಉಪಕರಣ) ಸಮೀಕ್ಷೆ ಮಾಡಿ. ಎಲೆಗಳ ಸಂದಿಯಿಂದ ಇಳಿದ ಲೇಸರ್ ಮಿಡಿತ ಕಾಡಿನಡಿಯ ನೆಲದ ನಿಜವಾದ ಇಳಿಜಾರು ತೋರಿಸುತ್ತದೆ. ಪ್ರತಿ ಮಳೆಗಾಲ ಘಾಟಿಗಳಲ್ಲಿ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತಲ್ವಾ? ಆ ಲೈಡಾರ್ ನಮ್ಮ ದೇಶದಲ್ಲೇ ಆಗಲಿ. ಯೋಜನೆಯಲ್ಲಿ ನಮ್ಮ ಪಾಲು ಅದು.

ಫಿಸಿಕ್ಸ್ ಮೇಷ್ಟ್ರು, ಶಿವಮೊಗ್ಗ

ತುಮರಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಲೈಡಾರ್ ನಮ್ಮವರಿಗೆ ಆಗದ ಕೆಲಸವೂ ಅಲ್ಲ. ಚಂದ್ರಯಾನ-3 2023ರ ಆಗಸ್ಟ್ 23ರಂದು ಇಳಿದಾಗ ಲ್ಯಾಂಡರಿನ ವೇಗ ಅಳೆಯುವ ಲೇಸರ್ ಉಪಕರಣ ಕೊಟ್ಟಿದ್ದು ಬೆಂಗಳೂರು ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ಆರ್ಯಭಟ ಉಪಗ್ರಹ ಜೋಡಿಸಿದ್ದೂ ಅದೇ ಜಾಗದಲ್ಲಿ. ಚಂದ್ರನ ನೆಲ ಅಳೆಯುವ ಲೇಸರ್ ಮಾಡಿದವರು ಆಗುಂಬೆ ಘಾಟಿ ಅಳೆಯುವುದನ್ನೂ ಮಾಡಬಲ್ಲರು. ಆ ಜ್ಞಾನ ಉಪಗ್ರಹದಿಂದ ಮಾರುಕಟ್ಟೆಗೆ ಇಳಿಯುವ ದಾರಿ ಸಾಲದು, ಅಷ್ಟೇ.

ಇಂದೋರಿನ ತಂಗಿಗೆ ಒಂದು ಉತ್ತರ. ದೊಡ್ಡ ಯಂತ್ರ ಬೇಡ ಅಂತ ನಾನು ಹೇಳಿಲ್ಲ. ಸರದಿ ಬಗ್ಗೆ ನನ್ನ ತಕರಾರು. ಅಮೆರಿಕದವರು ಹಿಂದೆ ಬಿದ್ದೆವು ಅಂತ ಗೊತ್ತಾದ ಮೇಲೆ ಮೊದಲು ಮಾಡಿದ್ದೇನು? 2018ರಲ್ಲಿ ಲೇಸರ್‌ನೆಟ್ ಯುಎಸ್ ಅಂತ ಜಾಲ ಕಟ್ಟಿದರು. ಬೇರೆಬೇರೆ ವಿಶ್ವವಿದ್ಯಾಲಯ, ಪ್ರಯೋಗಾಲಯಗಳಲ್ಲಿ ಆಗಲೇ ಇದ್ದ ಲೇಸರುಗಳನ್ನು ಸೇರಿಸಿದರು. ಯಾವ ಊರಿನ ಸಂಶೋಧಕನೇ ಆಗಲಿ, ಒಳ್ಳೆಯ ಪ್ರಸ್ತಾವ ಬರೆದರೆ ಅಲ್ಲಿ ಹೋಗಿ ಪ್ರಯೋಗ ಮಾಡಬಹುದು. ನಮ್ಮಲ್ಲಿ ಇಂದೋರ್ ಇದೆ, ಮುಂಬೈ ಮತ್ತು ಹೈದರಾಬಾದಿನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಇದೆ. ಫೈಬರ್ ಲೇಸರ್ ಮೇಲೆ ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಕೆಲಸ ನಡೆದಿದೆ. ಯಿಟರ್ಬಿಯಂ ಬೆರೆಸಿದ ಎಳೆಯನ್ನು ಕೋಲ್ಕತ್ತಾದ ಸಿಜಿಸಿಆರ್‌ಐ (ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ) ಎಳೆಯುತ್ತದೆ. ಘಟ್ಟ ಇಳಿದರೆ ಮಣಿಪಾಲದಲ್ಲಿ ಲೇಸರ್ ರೋಹಿತದ (ಸ್ಪೆಕ್ಟ್ರೊಸ್ಕೋಪಿ) ಮೇಲೆ ಕೆಲಸ ಮಾಡುವವರಿದ್ದಾರೆ. ಮಾಚೇನಹಳ್ಳಿಯವರ ಡಬ್ಬಿಗೆ ಬೇಕಾದ ಜ್ಞಾನ ಈ ದೇಶದಲ್ಲೇ ಚದುರಿ ಬಿದ್ದಿದೆ. ಇವರನ್ನೆಲ್ಲ ಒಂದು ಜಾಲಕ್ಕೆ ಕಟ್ಟಲು ಹೊಸ ಸಿಂಕ್ರೊಟ್ರಾನಿಗೆ ಬೇಕಾದಷ್ಟು ದುಡ್ಡೂ ಬೇಡ, ಕಾಲವೂ ಬೇಡ.

ಹೊಸನಗರದವಳು, ಈಗ ಇಂದೋರ್

ಜಾಲ ಬೇಕು, ಒಪ್ಪಿದೆ. ಆದರೆ ಸರದಿ ಅಂತ ಹೊರಟರೆ ಸಿಂಕ್ರೊಟ್ರಾನ್ ಯಾವಾಗಲೂ ಕೊನೆಗೇ ಬರುತ್ತದೆ. ಅಂಥ ಯಂತ್ರ ತೀರ್ಮಾನವಾಗಿ, ಕಟ್ಟಿ, ಕಿರಣ ಬರಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಶುರು ಮಾಡದಿದ್ದರೆ ಇವತ್ತಿನ ನಿಮ್ಮ ಬಿಎಸ್ಸಿ ಮಕ್ಕಳು ಪ್ರೊಫೆಸರ್ ಆದಾಗಲೂ ಹ್ಯಾಂಬರ್ಗ್ ವೀಸಾಕ್ಕೆ ಕ್ಯೂ ನಿಂತಿರುತ್ತಾರೆ. ಇದೊಂದು ವಿಷಯದಲ್ಲಿ ನಾನು ಜಗ್ಗುವುದಿಲ್ಲ.

ಭದ್ರಾವತಿ ನಿವೃತ್ತ

ಇಬ್ಬರೂ ಬಿಟ್ಟ ಒಂದು ಮಾತಿದೆ. ಕಟ್ಟಿದ ಮೇಲೆ ನೋಡಿಕೊಳ್ಳುವುದು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಟ್ಟಿದ ನಮ್ಮ ಉಕ್ಕಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ಕೊಡಲು ಶುರು ಮಾಡಿತು. ಅಂದಿಗೆ ಅದು ದೇಶಕ್ಕೇ ಹೆಮ್ಮೆ. ವಿಶೇಷ ಉಕ್ಕು ಮಾಡುವ ಕೈಗಳು ಈ ಊರಲ್ಲಿ ತಲೆಮಾರುಗಟ್ಟಲೆ ಬೆಳೆದವು. ಕಾಲಕಾಲಕ್ಕೆ ಹೊಸ ಹೂಡಿಕೆ ಬರಲಿಲ್ಲ. 2023ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಮುಚ್ಚುವ ಮಾತು ಬಂತು. ಜನ ಬೀದಿಗೆ ಇಳಿದು ಹೋರಾಡಬೇಕಾಯಿತು. ಕೆಲಸ ಗೊತ್ತಿದ್ದ ಹುಡುಗರು ಎಷ್ಟೋ ಜನ ಊರು ಬಿಟ್ಟರು.

ಲೇಸರ್ ಯೋಜನೆ ಬರೆಯುವವರು ಉದ್ಘಾಟನೆಯ ವರ್ಷದ ದುಡ್ಡು ಮಾತ್ರ ಬರೆಯಬಾರದು. ಹತ್ತನೇ ವರ್ಷದ ಬಿಡಿಭಾಗ, ಇಪ್ಪತ್ತನೇ ವರ್ಷದ ಮೇಲ್ದರ್ಜೆ, ಆಪರೇಟರುಗಳ ಸಂಬಳ, ಎಲ್ಲ ಮೊದಲೇ ಬರೆದಿಡಬೇಕು. ಫ್ರಾನ್ಸಿನ ಗ್ರೆನೋಬಲ್ ಸಿಂಕ್ರೊಟ್ರಾನಿನವರು ಹಳೇ ಸುರಂಗವನ್ನೇ ಇಟ್ಟುಕೊಂಡು ಒಳಗಿನ ಉಂಗುರ ಪೂರ್ತಿ ಬದಲಿಸಿ 2020ರಲ್ಲಿ ಮತ್ತೆ ತೆರೆದರು ಅಂತ ಓದಿದ್ದೇನೆ. ಅಂಥ ಯೋಚನೆ ನಮಗೆ ಬೇಕು.

ಪಾಲಿಟೆಕ್ನಿಕ್ ಹುಡುಗ, ಸಾಗರ

ನಾನು ಡಿಪ್ಲೊಮಾ ಎರಡನೇ ವರ್ಷ, ಎಲೆಕ್ಟ್ರಾನಿಕ್ಸ್. ಇಲ್ಲಿ ಎಲ್ಲರೂ ಪಿಎಚ್‌ಡಿ ಮಾತಾಡುತ್ತಿದ್ದೀರಿ. ನಮ್ಮಂಥವರಿಗೆ ಇದರಲ್ಲಿ ಜಾಗ ಇದೆಯಾ? ಮನೆಯಲ್ಲಿ ಬೆಂಗಳೂರಿಗೆ ಹೋಗಿ ಯಾವುದಾದರೂ ಕೆಲಸ ಹಿಡಿ ಅನ್ನುತ್ತಿದ್ದಾರೆ.

ಹೊಸನಗರದವಳು, ಈಗ ಇಂದೋರ್

ಖಂಡಿತ ಇದೆ ತಮ್ಮಾ. ನಮ್ಮ ಬೀಮ್‌ಲೈನ್ ನಡೆಯುವುದೇ ಡಿಪ್ಲೊಮಾ, ಐಟಿಐ ಓದಿದವರ ಕೈಯಲ್ಲಿ. ನಿರ್ವಾತ ಸೋರುವ ಜಾಗ ಹುಡುಕುವುದು, ಪವರ್ ಸಪ್ಲೈ ರಿಪೇರಿ, ಕನ್ನಡಿ ಹೊಂದಿಸುವುದು. ಪಿಎಚ್‌ಡಿ ಮಾಡಿದವರಿಗೂ ಇದನ್ನು ಕಲಿಸುವುದು ಅವರೇ. ಪರಮಾಣು ಶಕ್ತಿ ಇಲಾಖೆಯ ಕೇಂದ್ರಗಳು ಡಿಪ್ಲೊಮಾ ಮುಗಿಸಿದವರನ್ನು ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತವೆ. ಬಾರ್ಕ್ (ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ) ಮತ್ತು ಆರ್‌ಆರ್‌ಕ್ಯಾಟ್‌ನ ಸ್ಟೈಪೆಂಡರಿ ಟ್ರೈನಿ ಪ್ರಕಟಣೆ ನೋಡುತ್ತಿರು. ಗಣಿತ, ಫಿಸಿಕ್ಸ್ ಗಟ್ಟಿ ಮಾಡಿಕೋ.

ಫಿಸಿಕ್ಸ್ ಮೇಷ್ಟ್ರು, ಶಿವಮೊಗ್ಗ

ನಾನು ಮೊದಲ ಪೋಸ್ಟಿನಲ್ಲಿ ಕೈ ಅಂದಿದ್ದು ಈ ಹುಡುಗನ ಕೈಯನ್ನೇ. ಜಿಲ್ಲೆಗೊಂದು ಪಾಲಿಟೆಕ್ನಿಕ್ಕಿನಲ್ಲಿ ಫೈಬರ್ ಬೆಸೆಯುವ ಯಂತ್ರ, ಒಂದು ಆಪ್ಟಿಕಲ್ ಟೇಬಲ್, ಕಡಿಮೆ ಶಕ್ತಿಯ ಫೈಬರ್ ಲೇಸರ್, ಕಣ್ಣಿನ ಸುರಕ್ಷತೆಯ ಕನ್ನಡಕ. ಒಂದು ಸಣ್ಣ ಲ್ಯಾಬ್ ಶುರು ಮಾಡಲು ಇಷ್ಟು ಸಾಕು.

ಮಾಚೇನಹಳ್ಳಿ ವರ್ಕ್‌ಶಾಪ್

ಸಾಗರದ ಹುಡುಗನಿಗೆ: ರಜೆಯಲ್ಲಿ ನಮ್ಮ ಶಾಪಿಗೆ ಬಾ. ಮೆಷಿನ್ ನಡೆಸುವುದು, ನಾಝಲ್ ಸೆಂಟರ್ ಮಾಡುವುದು, ಫೋಕಸ್ ಹೊಂದಿಸುವುದು, ರಕ್ಷಣಾ ಗಾಜು ಬದಲಿಸುವುದು ಎಲ್ಲ ತೋರಿಸುತ್ತೇವೆ. ವಾರಂಟಿ ಮುಗಿದ ಹಳೇ ಸೋರ್ಸ್ ಒಂದು ಮೂಲೆಯಲ್ಲಿದೆ. ಮೇಷ್ಟ್ರೇ, ನೀವೂ ನಿಮ್ಮ ಮಕ್ಕಳನ್ನು ಕರೆದುಕೊಂಡು ಬರುವುದಾದರೆ ಅದನ್ನು ಎಲ್ಲರೂ ಸೇರಿ ಬಿಚ್ಚೋಣ. ಯಾವ ಡಯೋಡ್ ಸತ್ತಿದೆ ಅಂತ ಅಳೆಯುವ ಪವರ್ ಮೀಟರ್ ನಿಮ್ಮ ಕಾಲೇಜಿನಲ್ಲಿ ಇದ್ದರೆ ತನ್ನಿ. ನಮ್ಮಲ್ಲಿ ಇಲ್ಲ.